ಗೋಡೆ ಹಿಡಿದು ನಿಂತವಳು

ಆ ದೂರು ಬಂದ ಬೆಳಿಗ್ಗೆ ನಾನು ಮೊದಲು ಮಾಡಿದ ಕೆಲಸವೆಂದರೆ ಜಗಳ.

ಒಂಬತ್ತು ವರ್ಷದಲ್ಲಿ ನನ್ನ ಕೆಲಸದತ್ತ ಒಬ್ಬರೂ ಬೆರಳು ತೋರಿಸಿರಲಿಲ್ಲ. ಈಗ ಯಾವುದೋ ದೂರದ ದೇಶದ ಹತ್ತು ವರ್ಷದ ಹುಡುಗಿ ತೋರಿಸಿದ್ದಳು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಅಲ್ಲಿಂದ ಬಾಯಿಗೆ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು?

"ಯಾರ್ರೀ ಇದನ್ನ ನನಗೆ ಕಳಿಸಿದ್ದು? ನಾನೇನು ಕಣ್ಣು ಮುಚ್ಕೊಂಡು ಬರೀತೀನಿ ಅಂದ್ಕೊಂಡಿದ್ದೀರಾ?" ಎಂದು ಇಡೀ ಕೋಣೆಗೆ ಕೇಳುವಂತೆ ಕೂಗಿದೆ. ಯಾರೂ ತಲೆ ಎತ್ತಲಿಲ್ಲ. ನನ್ನ ಕೂಗಾಟ ಅವರಿಗೆಲ್ಲ ಅಭ್ಯಾಸವಾಗಿಹೋಗಿದೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಶಾಲೆಯ ಪುಸ್ತಕಗಳಲ್ಲಿ ಚಿತ್ರಗಳಿರುತ್ತವಲ್ಲ, ಅವನ್ನು ಕಣ್ಣು ಕಾಣದ ಮಕ್ಕಳಿಗಾಗಿ ಮಾತಿನಲ್ಲಿ ಬರೆಯುವುದು. ಮಗು ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟರೆ ಅದು ಪಾಠವನ್ನು ಓದಿ ಹೇಳುತ್ತದೆ. ಚಿತ್ರ ಬಂದ ಕಡೆ ನಾನು ಬರೆದದ್ದನ್ನು ಹೇಳುತ್ತದೆ. ಇಲ್ಲಿ ಬರೆದದ್ದು ಅವರವರ ಭಾಷೆಗೆ ತಿರುಗಿ ಹದಿನಾಲ್ಕು ದೇಶಗಳಿಗೆ ಹೋಗುತ್ತದೆ. ನಮಗಿರುವ ನಿಯಮ ಒಂದೇ, ಅದನ್ನು ದೊಡ್ಡಕ್ಷರದಲ್ಲಿ ಗೋಡೆಗೆ ಅಂಟಿಸಿದ್ದಾರೆ: ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬರೆಯಬೇಡಿ. ಹೊಸಬರಿಗೆ ಅದನ್ನು ಕಲಿಸುವವಳೂ ನಾನೇ. ಅಮ್ಮನಂತೆ ಕಾಣುವ ಹೆಂಗಸು ಎಂದು ಬರೆದರೆ ನಾನು ಬೈಯುತ್ತೇನೆ. ಅವಳು ಅಮ್ಮನೋ ಅತ್ತೆಯೋ ನಿನಗೆ ಹೇಗೆ ಗೊತ್ತು, ಹೆಂಗಸು ಅಂತ ಬರಿ, ಮುಂದಕ್ಕೆ ಹೋಗು ಅನ್ನುತ್ತೇನೆ.

ಕೂಗಿ ಮುಗಿಸಿ ದೂರನ್ನು ಓದಿದೆ. ಯಂತ್ರ ತರ್ಜುಮೆ ಮಾಡಿದ ಭಾಷೆ. ಆದರೂ ಹುಡುಗಿಯ ಸಿಟ್ಟು ಅದರೊಳಗಿಂದ ಚೆನ್ನಾಗಿಯೇ ಕೇಳಿಸುತ್ತಿತ್ತು.

"ಆರನೆಯ ಪಾಠದ ಚಿತ್ರದಲ್ಲಿ ಎಷ್ಟು ಜನ ಇದ್ದಾರೆ ಎಂದು ಟೀಚರ್ ಕೇಳಿದರು. ನಾನು ಐದು ಎಂದೆ. ಕ್ಲಾಸೆಲ್ಲ ನಕ್ಕಿತು. ನಾಲ್ಕೇ ಜನವಂತೆ. ಕಿಟಕಿಯ ಹತ್ತಿರ ಯಾರೂ ಇಲ್ಲವಂತೆ. ಹೀಗೆ ಮೂರು ಸಲ ಆಯಿತು. ಈ ವರ್ಷ ಮೊದಲ ಬಾರಿಗೆ ನನ್ನನ್ನು ಎಲ್ಲರ ಜೊತೆ ಕೂರಿಸಿದ್ದಾರೆ, ಏನಾಗುತ್ತದೆ ನೋಡೋಣ ಎಂದು. ಈಗ ದೊಡ್ಡ ಟೀಚರ್, ಒಂದೋ ನಿನ್ನ ಟ್ಯಾಬ್ಲೆಟ್ ಕಥೆ ಕಟ್ಟುತ್ತದೆ, ಇಲ್ಲವೇ ನೀನು ಕಟ್ಟುತ್ತೀಯ ಅನ್ನುತ್ತಾರೆ. ಶುಕ್ರವಾರ ಮೀಟಿಂಗ್ ಇದೆ. ಅವತ್ತು ನನ್ನನ್ನು ಮತ್ತೆ ಹಿಂದಿನ ಕೋಣೆಗೆ ಕಳಿಸಬಹುದು. ಅಲ್ಲಿ ಪಾಠ ಇಲ್ಲ, ಮಣಿ ಪೋಣಿಸುವುದು ಮಾತ್ರ. ತಪ್ಪು ನನ್ನದೋ ನಿಮ್ಮದೋ? ನಿಮ್ಮದಾಗಿದ್ದರೆ ಬರೆದುಕೊಡಿ. ನನ್ನದಲ್ಲ ಎಂದು ನನಗೆ ಗೊತ್ತು."

ಆರನೆಯ ಪಾಠವನ್ನು ತೆರೆದೆ. ಒಂದು ಕೋಣೆ, ಮೇಜಿನ ಸುತ್ತ ನಾಲ್ಕು ಜನ, ಹಿಂದೆ ತೆರೆದ ಕಿಟಕಿ. ಚಿತ್ರದ ಕೆಳಗೆ ನಾನು ಬರೆದದ್ದಿತ್ತು. ಮೇಜು ಇತ್ತು, ನಾಲ್ಕು ಜನ ಇದ್ದರು, ಕಿಟಕಿ ಇತ್ತು. ಕೊನೆಯಲ್ಲಿ ಇನ್ನೊಂದು ವಾಕ್ಯವಿತ್ತು.

"ಕಿಟಕಿಯ ಹತ್ತಿರ ಒಬ್ಬ ಹುಡುಗಿ ಗೋಡೆ ಹಿಡಿದು ನಿಂತಿದ್ದಾಳೆ."

ಚಿತ್ರವನ್ನು ಮತ್ತೆ ನೋಡಿದೆ, ಕಿಟಕಿಯ ಹತ್ತಿರ ಯಾರೂ ಇರಲಿಲ್ಲ. ಬರೆದವರ ಜಾಗದಲ್ಲಿ ನನ್ನದೇ ಹೆಸರು. ಸಮಯ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ, ನಾನು ಚಹಾ ಕುಡಿದು ಬಂದು ಕೂರುವ ಹೊತ್ತು. ಬರೆದ ನೆನಪು ಮಾತ್ರ ಎಳ್ಳಷ್ಟೂ ಇಲ್ಲ. ಅದೇ ವಾಕ್ಯ ಇನ್ನೆಲ್ಲಾದರೂ ಇದೆಯೇ ಎಂದು ಹುಡುಕಲು ಹಾಕಿದೆ. ಅರವತ್ತೊಂದು ಕಡೆ ಇತ್ತು. ಅರವತ್ತೊಂದೂ ಕಿಟಕಿ ಇರುವ ಚಿತ್ರಗಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಎಲ್ಲವೂ ಈಚಿನ ನಾಲ್ಕು ವರ್ಷದವು, ಅಂದರೆ ಅಮ್ಮ ತೀರಿಹೋದ ಮೇಲಿನವು.

ನಾಲ್ಕು ವರ್ಷ ಇದು ಯಾರ ಕಣ್ಣಿಗೂ ಹೇಗೆ ಬೀಳಲಿಲ್ಲ ಎಂದು ನೀವು ಕೇಳಬಹುದು. ಕಣ್ಣಿರುವವರು ಚಿತ್ರ ನೋಡುತ್ತಾರೆ, ನಾವು ಬರೆದದ್ದನ್ನು ಓದುವ ಗೋಜಿಗೆ ಹೋಗುವುದಿಲ್ಲ. ನಾವು ಬರೆದದ್ದನ್ನು ಕೇಳುವ ಮಕ್ಕಳಿಗೆ ಚಿತ್ರ ಕಾಣುವುದಿಲ್ಲ. ಒಬ್ಬರು ಅಡಗಿಕೊಂಡು ಇರಬೇಕೆಂದರೆ ಅಷ್ಟು ಜಾಗ ಧಾರಾಳವಾಯಿತು.

ನಮ್ಮಲ್ಲಿ ಬರೆದದ್ದನ್ನೆಲ್ಲ ಒಮ್ಮೆ ಕಿವಿಗೆ ಹಾಕಿಕೊಳ್ಳುವವರು ಒಬ್ಬರೇ. ಅವರಿಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಮಾತು ಮಕ್ಕಳಿಗೆ ಅರ್ಥವಾಗುವಂತಿದೆಯೇ ಎಂದು ಕೇಳಿ ಹೇಳುವುದು ಅವರ ಕೆಲಸ. ನಮಗೆಲ್ಲ ಅವರು ಕಿವಿಯಣ್ಣ. ಮೂರು ಪಟ್ಟು ವೇಗದಲ್ಲಿ ಕೇಳುತ್ತಾರೆ, ನಮಗೆ ಅದು ಜೇನು ಗುಂಯ್‌ಗುಟ್ಟಿದ ಹಾಗೆ. ಅವರ ಮೇಜಿನ ಮುಂದೆ ಹೋಗಿ ನಿಂತೆ. ಬಾಯಿ ಬಿಡುವ ಮೊದಲೇ ಅವರು ಇಯರ್‌ಫೋನ್ ತೆಗೆದರು.

"ಏನಮ್ಮ, ಇವತ್ತು ಇಷ್ಟು ಮೆಲ್ಲಗೆ ನಡ್ಕೊಂಡು ಬಂದೆ? ಬೆಳಿಗ್ಗೆ ಕೂಗಿದ್ದು ನೀನೇ ತಾನೆ?"

"ಅಣ್ಣ, ಕಿಟಕಿ ಹತ್ತಿರ ಒಬ್ಬ ಹುಡುಗಿ..."

"ಗೋಡೆ ಹಿಡಿದು ನಿಂತಿದ್ದಾಳೆ. ಗೊತ್ತಲ್ಲ! ನಮ್ಮ ಕಿಟಕಿ ಹುಡುಗಿ!" ಎಂದು ನಕ್ಕರು. "ಆ ಚಿತ್ರ ಬರೆಯೋನಿಗೆ ಅವಳ ಮೇಲೆ ಏನೋ ಮೋಹ ಅಂದ್ಕೊಂಡಿದ್ದೆ. ಮನೆ ಇರಲಿ, ಅಂಗಡಿ ಇರಲಿ, ಆಸ್ಪತ್ರೆ ಇರಲಿ, ಅವಳು ಹಾಜರ್. ಯಾಕೆ, ಏನಾಯ್ತು?"

"ಅವಳು ಚಿತ್ರದಲ್ಲಿಲ್ಲ."

"ಯಾವ ಚಿತ್ರದಲ್ಲಿ?"

"ಒಂದರಲ್ಲೂ."

ಕಿವಿಯಣ್ಣನ ನಗು ನಿಂತಿತು. ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಾ ಕೂತರು. ಆಮೇಲೆ, "ಅಳಿಸಿ ಬೇರೆ ಬರಿ. ನಾನಿಲ್ಲೇ ಕೇಳಿ ಹೇಳ್ತೀನಿ" ಅಂದರು.

ಅಳಿಸಿದೆ. ಆರನೆಯ ಪಾಠದ ಚಿತ್ರವನ್ನು ಮೊದಲಿನಿಂದ ಬರೆದೆ, ಕಣ್ಣಲ್ಲಿ ಕಣ್ಣಿಟ್ಟು. ಮೇಜು, ನಾಲ್ಕು ಜನ, ತೆರೆದ ಕಿಟಕಿ. ಪೂರ್ಣವಿರಾಮ ಹಾಕಿ ಕೈ ತೆಗೆದೆ. ಕಿವಿಯಣ್ಣ ನಿಧಾನದ ವೇಗದಲ್ಲಿ ಎಲ್ಲರಿಗೂ ಕೇಳುವಂತೆ ಹಾಕಿದರು. ಯಂತ್ರದ ದನಿ ಮೇಜನ್ನು ಹೇಳಿತು, ಜನರನ್ನು ಹೇಳಿತು, ಕಿಟಕಿಯನ್ನು ಹೇಳಿತು. ಒಂದು ಉಸಿರಿನಷ್ಟು ಬಿಟ್ಟು, ಕಿಟಕಿಯ ಹತ್ತಿರ ಒಬ್ಬ ಹುಡುಗಿ ಗೋಡೆ ಹಿಡಿದು ನಿಂತಿದ್ದಾಳೆ ಎಂದಿತು. ಪರದೆ ನೋಡಿದೆ. ವಾಕ್ಯ ಅಲ್ಲಿ ಬಂದು ಕೂತಿತ್ತು. ಇನ್ನೊಮ್ಮೆ ಅಳಿಸಿದೆ. ಇನ್ನೊಮ್ಮೆ ಬಂತು. ಮೂರನೆಯ ಸಲವೂ ಬಂತು. ಭಯವಾಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಮೇಲಿನವರು ಕರೆಸಿದರು. ನಮ್ಮ ವಿಭಾಗವನ್ನು ನೋಡಿಕೊಳ್ಳುವ ಮೇಡಂ ಅವರು. ಮಾತಿಗೆ ಮೊದಲು ಒಂದು ಸಲ, ಮಾತು ಮುಗಿದ ಮೇಲೆ ಒಂದು ಸಲ ಕೈಗಡಿಯಾರ ನೋಡುವುದರಿಂದ ನಾವು ಅವರನ್ನು ಗಡಿಯಾರದಮ್ಮ ಅನ್ನುತ್ತೇವೆ, ಹಿಂದಿನಿಂದ.

"ಅರವತ್ತೊಂದು ಅಂತೆ? ಸದ್ದಿಲ್ಲದೆ ಸರಿ ಮಾಡಿಬಿಡಿ. ಶುಕ್ರವಾರದೊಳಗೆ ಆಗಬೇಕು."

"ಆ ಹುಡುಗಿ ಕಾಗದ ಕೇಳಿದ್ದಾಳೆ ಮೇಡಂ. ತಪ್ಪು ನಮ್ಮದು ಅಂತ."

"ಕಾಗದ ಗೀಗದ ಏನೂ ಬೇಡ. ಒಂದು ಕಡೆ ತಪ್ಪು ಅಂತ ಬರೆದುಕೊಟ್ರೆ ಹದಿನಾಲ್ಕು ದೇಶದವರೂ ನಮ್ಮನ್ನ ಗಂಟು ಮೂಟೆ ಕಟ್ಟಿಸ್ತಾರೆ. ಎಷ್ಟು ಮಕ್ಕಳಿಗೆ ಪಾಠ ನಿಲ್ಲುತ್ತೆ, ಯೋಚನೆ ಮಾಡಿ."

"ಈ ಒಂದು ಮಗುವಿಗೆ ನಿಂತರೆ?"

ಗಡಿಯಾರದಮ್ಮ ಗಡಿಯಾರ ನೋಡಿದರು. ಮಾತು ಮುಗಿಯಿತು ಎಂದರ್ಥ.

ಮರುದಿನ, ಬುಧವಾರ, ಇಡೀ ದಿನ ಅಳಿಸಿದೆ. ಸಂಜೆಯ ಹೊತ್ತಿಗೆ ಹುಡುಕಿದರೆ ಅರವತ್ತೊಂದು ಅರವತ್ತೊಂದಾಗಿಯೇ ಇತ್ತು. ಪಕ್ಕದ ಮೇಜಿನವಳಿಗೆ ನಿನ್ನ ಹೆಸರಿನಲ್ಲಿ ಅಳಿಸಿ ನೋಡು ಎಂದೆ. ಅವಳು ಅಳಿಸಿದಾಗಲೂ ಮರಳಿ ಬಂತು, ಬರೆದವರ ಜಾಗದಲ್ಲಿ ಮತ್ತೆ ನನ್ನ ಹೆಸರೇ. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಅವನು ಆಫ್ ಮಾಡಿ ಆನ್ ಮಾಡಿದ. ಅವನ ವಿದ್ಯೆ ಅಲ್ಲಿಗೆ ಮುಗಿಯಿತು.

ಯಾರು ಎಂದು ನನಗೆ ಗೊತ್ತಿತ್ತು. ಮೊದಲ ಸಲ ಓದಿದಾಗಲೇ ಗೊತ್ತಿತ್ತು. ಗೊತ್ತಿಲ್ಲದವಳಂತೆ ಎರಡು ದಿನ ತಳ್ಳಿದೆ, ಅಷ್ಟೆ.

ಗುರುವಾರ ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದರು. ಕಿವಿಯಣ್ಣ ಮಾತ್ರ ಕೂತಿದ್ದರು. ಅವರು ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ.

"ಹೇಳಮ್ಮ. ಯಾರವಳು?" ಎಂದರು.

ನಲವತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಆ ಖಾಲಿ ಕೋಣೆಯಲ್ಲಿ ಹೇಳಿದೆ.

ನನಗೊಬ್ಬಳು ತಂಗಿಯಿದ್ದಳು. ನನಗೆ ಹನ್ನೊಂದು ವರ್ಷವಾದಾಗ ಅವಳಿಗೆ ಎಂಟು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡು ಸ್ಕೂಲಿಗೆ ಹೋಗಿ ಕೇಳಿದ್ದರು. ಪುಸ್ತಕ ನೋಡಲಾರದ ಮಗು ಇಲ್ಲಿ ಬಂದು ಏನು ಮಾಡೀತು ಎಂದು ಹೆಡ್‌ಮಾಸ್ಟರು ಹಿಂದಕ್ಕೆ ಕಳಿಸಿದರು. ಹಾಗಾಗಿ ದಿನಾ ಸಂಜೆ ನಾನು ಸ್ಕೂಲನ್ನು ಮನೆಗೆ ತರಬೇಕಿತ್ತು. ಬ್ಯಾಗ್ ಇಳಿಸುವುದೇ ತಡ, ತಂಗಿ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಪುಸ್ತಕದ ಚಿತ್ರಗಳನ್ನು ಒಂದೊಂದಾಗಿ ಹೇಳಬೇಕು. ಹೇಳಿ ಮುಗಿದ ಮೇಲೆ ಪ್ರತಿ ಚಿತ್ರಕ್ಕೂ ಅವಳದೊಂದೇ ಪ್ರಶ್ನೆ.

"ಅಕ್ಕಾ, ನಾನು ಎಲ್ಲಿದ್ದೀನಿ?"

ಮೊದಲ ಸಲ ಕೇಳಿದಾಗ ಚಿತ್ರದಲ್ಲಿ ಒಂದು ಕಿಟಕಿಯಿತ್ತು, ಅದರ ಹತ್ತಿರ ಯಾರೂ ಇರಲಿಲ್ಲ. ಕಿಟಕಿ ಹತ್ತಿರ ಗೋಡೆ ಹಿಡ್ಕೊಂಡು ನಿಂತಿದ್ದೀಯ ಎಂದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಆಮೇಲೆ ಕಿಟಕಿ ಇರಲಿ ಬಿಡಲಿ ಅವಳ ಜಾಗ ಅದೇ ಆಯಿತು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಕಾಣದ ಮಗುವಿಗೆ ಫೋಟೋ ಯಾಕೆ ಎಂದು ಯಾರೋ ಅಂದರಂತೆ, ಮನೆಯವರೂ ಹೌದಲ್ಲ ಅಂದುಕೊಂಡರಂತೆ.

ಸ್ಕೂಲಿನ ದಾರಿಯನ್ನೂ ಕೇಳುತ್ತಿದ್ದಳು. ಬಾಗಿಲಿಂದ ಹೊರಗೆ ಬಂದು ಎಡಗೈಯನ್ನು ಗೋಡೆಗೆ ಹಚ್ಚಿದರೆ ಆಯಿತು, ಗೋಡೆ ಹಿಡಿದುಕೊಂಡೇ ಹೋಗುವುದು, ಗೋಡೆ ಮುಗಿದ ಕಡೆ ಸ್ಕೂಲು ಎಂದು ಹೇಳಿದ್ದೆ. "ಗೋಡೆ ಮಧ್ಯೆ ಎಲ್ಲೂ ತಪ್ಪೋದಿಲ್ವಾ ಅಕ್ಕಾ?" ಎಂದು ಕೇಳಿದಳು. ಇಲ್ಲ ಎಂದೆ. ತಪ್ಪುತ್ತಿತ್ತು. ಮರದ ಮಿಲ್ಲಿನ ಗೇಟಿನ ಹತ್ತಿರ ಹತ್ತು ಹೆಜ್ಜೆಯಷ್ಟು ಗೋಡೆ ಇರಲಿಲ್ಲ, ಲಾರಿಗಳು ಹಿಂದುಹಿಂದಾಗಿ ಅಲ್ಲಿಂದ ಹೊರಗೆ ಬರುತ್ತಿದ್ದವು. ಅದನ್ನು ಹೇಳಿದರೆ ಕಥೆ ಕೆಡುತ್ತದೆ ಎಂದು ಬಿಟ್ಟೆ. ಅವಳು ಒಬ್ಬಳೇ ಎಲ್ಲಿಗೆ ಹೋಗುತ್ತಾಳೆ ಎಂದು ಬಿಟ್ಟೆ.

ಒಂದು ಸಂಜೆ ನನಗೆ ಮಾರನೆಯ ದಿನದ ಪರೀಕ್ಷೆಯ ಚಿಂತೆ. ತಂಗಿ ಬಿಡಲೊಲ್ಲಳು. ನಾನು ಎಲ್ಲಿದ್ದೀನಿ, ನಾನು ಎಲ್ಲಿದ್ದೀನಿ ಎಂದು ತೋಳು ಹಿಡಿದು ಜಗ್ಗಿದಳು. ಈ ಹಾಳು ಕೋಪ ಆಗಲೂ ನನಗಿತ್ತು.

"ಎಲ್ಲೂ ಇಲ್ಲ ಕಣೇ! ಒಂದು ಚಿತ್ರದಲ್ಲೂ ನೀನಿಲ್ಲ. ಇಷ್ಟು ದಿನ ಸುಮ್ನೆ ಹೇಳ್ತಿದ್ದೆ. ಏಳು, ಆಚೆ ಹೋಗು."

ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಪುಸ್ತಕದ ಮೇಲೆ ಕೈಯಾಡಿಸಿದಳು. "ಹಾಗಾದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದಳು.

ಮರುದಿನ ನಾನು ಪರೀಕ್ಷೆ ಬರೆಯುತ್ತಿದ್ದಾಗ ಅವಳು ಮನೆಯಿಂದ ಹೊರಟಿದ್ದಳು, ಎಡಗೈ ಗೋಡೆಗೆ ಹಚ್ಚಿಕೊಂಡು. ನಾನು ಹೇಳಿದ ದಾರಿಯಲ್ಲಿ, ನಾನು ಹೇಳಿದ ಹಾಗೆಯೇ. ಗೋಡೆ ತಪ್ಪಿದ ಕಡೆ ಲಾರಿ ಹಿಂದಕ್ಕೆ ಬರುತ್ತಿತ್ತು. ಅವಳು ಯಾಕೆ ಹೊರಟಳು ಎಂದು ಅಮ್ಮ ಸಾಯುವವರೆಗೂ ಕೇಳುತ್ತಲೇ ಇದ್ದಳು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅಮ್ಮ ಹೋದ ಮೇಲೆ ಆ ಮಗುವಿನ ಹೆಸರು ಹಿಡಿದು ಕರೆಯುವವರು ಈ ಭೂಮಿಯ ಮೇಲೆ ಯಾರೂ ಇಲ್ಲ.

ಹೇಳಿ ಮುಗಿಸಿದಾಗ ನನ್ನ ಸೆರಗು ಒದ್ದೆಯಾಗಿತ್ತು. ಕಿವಿಯಣ್ಣ ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಅವರ ಮೇಲೂ ಹರಿಹಾಯುತ್ತಿದ್ದೆನೋ ಏನೋ.

"ನನಗೂ ಒಬ್ಬ ಅಕ್ಕ ಪುಸ್ತಕ ಓದಿ ಹೇಳ್ತಿದ್ಲು" ಎಂದರು. "ಅವಳೂ ಎಷ್ಟೋ ಸುಳ್ಳು ಹೇಳಿರ್ತಾಳೆ. ನನಗೆ ಯಾವ ಗೇಟಲ್ಲೂ ಲಾರಿ ಎದುರಾಗಲಿಲ್ಲ, ಅಷ್ಟೇ ವ್ಯತ್ಯಾಸ. ಈಗ ಹೇಳು, ಆ ದೇಶದ ಹುಡುಗಿ ಇವತ್ತು ಯಾರ ಮಾತು ನಂಬ್ಕೊಂಡು ಗೋಡೆ ಹಿಡ್ಕೊಂಡು ಹೊರಟಿದ್ದಾಳೆ?"

ನಾಳೆ ಶುಕ್ರವಾರ.

ಕುರ್ಚಿಯನ್ನು ಎಳೆದುಕೊಂಡು ಕೂತೆ. ಆರನೆಯ ಪಾಠ ತೆರೆದೆ. ಪರದೆಯ ಮುಂದೆ ಕೂತು, ಹುಚ್ಚಿಯ ಹಾಗೆ, ಜೋರಾಗಿಯೇ ಹೇಳಿದೆ. "ಪುಟ್ಟಿ, ಈ ಚಿತ್ರದಲ್ಲಿ ನೀನಿಲ್ಲ ಕಣೇ. ಸಿಟ್ಟಿನಿಂದ ಹೇಳ್ತಿಲ್ಲ. ನಿಜವಾಗಿಯೂ ಇಲ್ಲ. ಮಿಲ್ಲಿನ ಹತ್ತಿರ ಗೋಡೆ ತಪ್ಪುತ್ತೆ, ಅಲ್ಲಿ ಲಾರಿ ಬರುತ್ತೆ. ನಾನು ಹೇಳಬೇಕಿತ್ತು. ತಪ್ಪಾಯ್ತು."

ಅಳಿಸಿದೆ. ಕಿವಿಯಣ್ಣ ಹಾಕಿ ಕೇಳಿದರು. ಮೇಜು, ನಾಲ್ಕು ಜನ, ತೆರೆದ ಕಿಟಕಿ. ಯಂತ್ರದ ದನಿ ಅಲ್ಲಿಗೆ ನಿಂತಿತು. ನಾವಿಬ್ಬರೂ ಕಾದೆವು. ಏನೂ ಬರಲಿಲ್ಲ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅರವತ್ತೊಂದು ಕಡೆಯೂ ಅವಳನ್ನು ಕೂಗಿ, ಇಲ್ಲ ಎಂದು ಹೇಳಿ, ನನ್ನ ಕೈಯಾರೆ ಅಳಿಸಿದೆ. ಆಸ್ಪತ್ರೆಯ ಕಿಟಕಿಯಿಂದ, ಅಂಚೆಕಚೇರಿಯ ಕಿಟಕಿಯಿಂದ, ರೈಲಿನ ಕಿಟಕಿಯಿಂದ. ಅವಳಿದ್ದ ಚಿತ್ರಗಳು ಲೋಕದಲ್ಲಿ ಅವಷ್ಟೇ. ಎಲ್ಲರೂ ಊಟ ಮುಗಿಸಿ ಬಂದು ನೋಡಿದರು, ಇವಳಿಗೆ ಇವತ್ತು ಏನೋ ಆಗಿದೆ ಎಂದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು.

ಸಂಜೆ ಆಫೀಸು ಬಿಡುವ ಮೊದಲು ಕಾಗದ ಬರೆದೆ. ಗಡಿಯಾರದಮ್ಮನನ್ನು ಕೇಳಲಿಲ್ಲ. "ಚಿತ್ರದಲ್ಲಿ ನಾಲ್ಕೇ ಜನ ಇದ್ದಾರೆ. ಐದನೆಯವಳನ್ನು ಬರೆದದ್ದು ನಾನು. ತಪ್ಪು ನನ್ನದು, ಮಗುವಿನದಲ್ಲ, ಟ್ಯಾಬ್ಲೆಟ್ಟಿನದೂ ಅಲ್ಲ. ಅವಳು ತನಗೆ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿದ್ದಾಳೆ. ಅವಳನ್ನು ಹಿಂದಿನ ಕೋಣೆಗೆ ಕಳಿಸಬೇಡಿ" ಎಂದು ಬರೆದು, ನನ್ನ ಪೂರ್ತಿ ಹೆಸರು ಹಾಕಿ, ಆ ಹುಡುಗಿಗೂ ಅವಳ ಶಾಲೆಗೂ ಕಳಿಸಿದೆ.

ಸೋಮವಾರ ನನ್ನನ್ನು ಬರೆಯುವ ಕೆಲಸದಿಂದ ತೆಗೆದರು. ಈಗ ಪುಟಗಳ ಸಂಖ್ಯೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಹದಿನಾಲ್ಕು ದೇಶದವರಲ್ಲಿ ಯಾರೂ ಗಂಟು ಮೂಟೆ ಕಟ್ಟಿಸಲಿಲ್ಲ. ಇಬ್ಬರು ಪ್ರಶ್ನೆ ಕೇಳಿದರು, ಉಳಿದವರು ಓದಿಯೇ ಇರಲಿಕ್ಕಿಲ್ಲ.

ಅದೇ ವಾರ ಹುಡುಗಿಯ ಉತ್ತರ ಬಂತು. ದೂರುಗಳು ಈಗ ನನ್ನ ಕಡೆಗೆ ಬರುವುದಿಲ್ಲ, ಕಿವಿಯಣ್ಣ ಕರೆದು ಕೇಳಿಸಿದರು. "ನಿಮ್ಮ ಕಾಗದವನ್ನು ಮೀಟಿಂಗಿನಲ್ಲಿ ಜೋರಾಗಿ ಓದಿದರು. ನನ್ನ ಜಾಗ ಉಳಿಯಿತು. ಈಗ ಹೊಸ ಬೆಂಚು ಕೊಟ್ಟಿದ್ದಾರೆ, ಕಿಟಕಿಯ ಪಕ್ಕದ್ದು. ಬೆಳಿಗ್ಗೆ ಎಡಗೆನ್ನೆಗೆ ಬಿಸಿಲು ಬೀಳುತ್ತದೆ. ನನ್ನ ಪಕ್ಕದ ಜಾಗ ಖಾಲಿಯಿದೆ."

ನಾನು ಹಿಗ್ಗಿದೆ. ಎಷ್ಟೋ ವರ್ಷದ ಮೇಲೆ ಮನೆಗೆ ಹೋಗುವಾಗ ದಾರಿಯಲ್ಲಿ ಯಾರ ಮೇಲೂ ರೇಗಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕಿವಿಯಣ್ಣ ನನ್ನ ಮೇಜಿಗೇ ಬಂದರು, ಗೋಡೆಯನ್ನು ಕೈಯಲ್ಲಿ ಸವರಿಕೊಂಡು. ಅವರ ಮುಖ ಬಿಳಿಚಿಕೊಂಡಿತ್ತು. ಇಯರ್‌ಫೋನನ್ನು ನನ್ನ ಕೈಗಿಟ್ಟರು.

"ನೀನು ಆ ಮಗುವಿಗೆ ನಿನ್ನ ತಂಗಿ ವಿಷಯ ಬರೆದಿದ್ಯಾ?"

"ಇಲ್ಲ ಅಣ್ಣ. ನಿಮ್ಮನ್ನ ಬಿಟ್ಟರೆ ಯಾರಿಗೂ ಹೇಳಿಲ್ಲ."

"ನಾನೂ ಹೇಳಿಲ್ಲ" ಎಂದು ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.

ಹುಡುಗಿ ಹೀಗೆ ಬರೆದಿದ್ದಳು. "ಒಂದು ವಿಷಯ ಕೇಳಬೇಕು. ನನ್ನ ಪಕ್ಕದಲ್ಲಿ ಒಬ್ಬಳು ಬಂದು ಕೂರುತ್ತಾಳೆ. ಅಲ್ಲಿ ಯಾರೂ ಇಲ್ಲ ಎಂದು ಕ್ಲಾಸಿನವರು ಹೇಳುತ್ತಾರೆ. ಈ ಸಲ ನಾನು ಯಾರ ಜೊತೆಗೂ ವಾದ ಮಾಡಲಿಲ್ಲ. ಚಿಕ್ಕವಳು, ನನಗಿಂತ ಚಿಕ್ಕವಳು. ಟ್ಯಾಬ್ಲೆಟ್ ಚಿತ್ರ ಹೇಳಿ ಮುಗಿಸಿದ ಕೂಡಲೇ ನನ್ನ ತೋಳು ಹಿಡಿದು ಜಗ್ಗುತ್ತಾಳೆ. ನಾನು ಎಲ್ಲಿದ್ದೀನಿ ಎಂದು ಕೇಳುತ್ತಾಳೆ. ಪ್ರತಿ ಚಿತ್ರಕ್ಕೂ ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?"

ಇನ್ನೊಮ್ಮೆ ಹಾಕಿ ಕೇಳಿದೆ. ಆಮೇಲೆ ಅಳು ಬಂತು, ತಡೆಯಲಿಲ್ಲ. ಕೊನೆಗೂ ಸ್ಕೂಲು ಸೇರಿದಳಲ್ಲ ನನ್ನ ತಂಗಿ, ಕಂಡು ಕೇಳರಿಯದ ದೇಶದಲ್ಲಿ, ನಲವತ್ತು ವರ್ಷ ನಡೆದು. ಕಿವಿಯಣ್ಣ ಕೀಬೋರ್ಡನ್ನು ನನ್ನ ಕಡೆ ಸರಿಸಿದರು.

"'ಕಿಟಕಿಯ ಹತ್ತಿರ ನನ್ನ ಪಕ್ಕದಲ್ಲಿ ಕೂತಿದ್ದೀಯ' ಎಂದು ಹೇಳು" ಎಂದು ಬರೆದೆ. "ಅದು ನಿಜ, ಧೈರ್ಯವಾಗಿ ಹೇಳು. ಅವಳು ಮನೆಗೆ ಹೋಗುವ ದಾರಿ ಕೇಳಿದರೆ, ಇರುವುದನ್ನು ಇರುವ ಹಾಗೆಯೇ ಹೇಳು. ಒಂದು ಗೇಟನ್ನೂ ಬಿಡಬೇಡ."